ಐದನೆಯ ಬೀಜ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಗಣಿತಜ್ಞ ಜಾನ್ ಕಾನ್ವೇ ಅವರ ಲೈಫ್ ಆಟದಲ್ಲಿ ಆರಂಭದ ಆಕಾರವನ್ನು ನೋಡಿಯೇ ಅದರ ಕೊನೆಯನ್ನು ಹೇಳಲು ಬರುವುದಿಲ್ಲವೇ ಎಂದು ನೀನು ಕೇಳಿದ್ದೆ. ಉತ್ತರ ಬರೆಯುವ ಮೊದಲು ಕೈಯಲ್ಲೇ ಆಡಿ ನೋಡಬೇಕೆನಿಸಿತು. ಭಾನುವಾರ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಹದಿನೈದಕ್ಕೆ ಹದಿನೈದು ಮನೆ ಗೆರೆ ಹಾಕಿ, ಹುಣಸೆಬೀಜ ತಂದಿಟ್ಟುಕೊಂಡು ಕುಳಿತೆ.

ಆಟದ ನಿಯಮ ನಿನಗೆ ಗೊತ್ತೇ ಇದೆ. ಸುತ್ತಲಿನ ಎಂಟು ಮನೆಗಳಲ್ಲಿ ಎರಡು ಅಥವಾ ಮೂರು ಬೀಜಗಳಿದ್ದರೆ ನಡುವಿನ ಬೀಜ ಉಳಿಯುತ್ತದೆ, ಇಲ್ಲವಾದರೆ ಸಾಯುತ್ತದೆ. ಖಾಲಿ ಮನೆಯ ಸುತ್ತ ಸರಿಯಾಗಿ ಮೂರಿದ್ದರೆ ಅಲ್ಲಿ ಹೊಸ ಬೀಜ ಹುಟ್ಟುತ್ತದೆ. ಕಷ್ಟವಿರುವುದು ಹುಟ್ಟು ಸಾವುಗಳೆಲ್ಲ ಒಂದೇ ಗಳಿಗೆಯಲ್ಲಿ ಆಗಬೇಕೆನ್ನುವುದರಲ್ಲಿ. ಅದಕ್ಕೆ ಸಾಯುವ ಬೀಜದ ಮೇಲೆ ಒಂದು ಹೆಸರುಕಾಳು, ಹುಟ್ಟುವ ಮನೆಯಲ್ಲಿ ಒಂದು ಅವರೆಕಾಳು ಇಟ್ಟು, ಎಲ್ಲ ಎಣಿಸಿ ಮುಗಿದ ಮೇಲೆಯೇ ಬದಲಿಸಿದೆ. ಹೀಗೆ ಒಮ್ಮೆ ಬದಲಿಸಿದರೆ ಒಂದು ತಲೆಮಾರು.

ಮೊದಲು ನಾಲ್ಕು ಬೀಜ ಇಟ್ಟೆ: ಮೇಲಿಂದ ಕೆಳಕ್ಕೆ ಮೂರು, ನಡುವಿನದರ ಎಡಕ್ಕೆ ಒಂದು. ನಾಲ್ಕು ಏಳಾಯಿತು, ಆಮೇಲೆ ಆರು, ಮತ್ತೆ ಆರು. ನಾಲ್ಕನೆಯ ತಲೆಮಾರಿಗೆ ಎಂಟು ಬೀಜಗಳ ಪುಟ್ಟ ಚೌಕ, ನಡುವೆ ಒಂದೇ ಒಂದು ಖಾಲಿ ಮನೆ! ಮೇಲೆ ಕೆಳಗೆ ಮಾತ್ರ ಸರಿಸಮವಾಗಿದ್ದ ಆಕಾರ ಈಗ ನಾಲ್ಕು ದಿಕ್ಕಿಗೂ ಸರಿಸಮವಾಗಿತ್ತು. ಈ ಆಟದಲ್ಲಿ ಸಮಮಿತಿ ಹೀಗೆ ಹೆಚ್ಚಬಹುದು, ಆದರೆ ಒಮ್ಮೆ ಬಂದದ್ದು ಕಳೆದುಹೋಗುವುದಿಲ್ಲ. ನನಗೆ ಅದೇ ಕಾವಲಾಯಿತು. ಆರನೆಯ ತಲೆಮಾರಿನಲ್ಲಿ ಒಂದು ಬದಿ ಬೋಳಾಗಿ ಕಂಡಾಗ, ಅವರೆಕಾಳು ಇಡಲು ಮರೆತಿದ್ದೇನೆಂದು ತಕ್ಷಣ ತಿಳಿಯಿತು. ಒಂಬತ್ತನೆಯದಕ್ಕೆ ಮೂರು ಮೂರು ಬೀಜಗಳ ನಾಲ್ಕು ಸಾಲುಗಳಾದವು. ಇನ್ನು ಅವು ಅಡ್ಡ, ಉದ್ದ, ಅಡ್ಡ, ಉದ್ದ ಎಂದು ತಿರುಗುತ್ತಲೇ ಇರುತ್ತವೆ.

ಈಗ ಅದೇ ನಾಲ್ಕು ಬೀಜಗಳಿಗೆ ಇನ್ನೊಂದನ್ನು ಸೇರಿಸು, ಮೇಲಿನ ಬೀಜದ ಬಲಕ್ಕೆ. ಇದೇ ಆರ್-ಪೆಂಟೊಮಿನೊ. ಒಂಬತ್ತಕ್ಕೆ ನಿಂತಿದ್ದ ಕಥೆ 1103ನೆಯ ತಲೆಮಾರಿನವರೆಗೆ ನಡೆಯುತ್ತದೆ, ಕೊನೆಗೆ 116 ಬೀಜಗಳಾಗುತ್ತವೆ. ಐದು ಮನೆಗಳನ್ನು ಜೋಡಿಸಿ ಮಾಡಬಹುದಾದ ಉಳಿದ ಹನ್ನೊಂದು ಆಕಾರಗಳೂ ಬೇಗನೆ ಸತ್ತುಹೋಗುತ್ತವೆ ಇಲ್ಲವೇ ನೆಲೆ ನಿಲ್ಲುತ್ತವೆ. ಇದೊಂದೇ ಹೀಗೆ. ಇದರ ಬೆನ್ನು ಹತ್ತಿದ್ದಾಗಲೇ ಕಾನ್ವೇ ಅವರ ಸಂಗಡಿಗ ರಿಚರ್ಡ್ ಗೈ, ಒಂದು ಚೂರು ತನ್ನಷ್ಟಕ್ಕೆ ಮೂಲೆಯ ಕಡೆಗೆ ನಡೆದು ಹೋಗುತ್ತಿರುವುದನ್ನು ಗಮನಿಸಿದರು. ಅದೇ ಗ್ಲೈಡರ್: ಐದೇ ಬೀಜ, ನಾಲ್ಕು ತಲೆಮಾರಿಗೆ ಓರೆಯಾಗಿ ಒಂದು ಮನೆ. ಅದು ಕಳಚಿಕೊಳ್ಳುವುದು 69ನೆಯ ತಲೆಮಾರಿನಲ್ಲಿ. ಅಷ್ಟು ದೂರವನ್ನು ಹಲಗೆಯ ಮೇಲೆ ಕೈಯಿಂದಲೇ ಸಾಗಿದವರ ತಾಳ್ಮೆಯನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ನಿನ್ನ ಪ್ರಶ್ನೆಗೆ ಉತ್ತರ: ಎಲ್ಲ ಆಕಾರಗಳಿಗೂ ಸಲ್ಲುವಂಥ ವಿಧಾನ ಇಲ್ಲ, ಇರಲು ಸಾಧ್ಯವೂ ಇಲ್ಲ. ಗ್ಲೈಡರ್‌ಗಳನ್ನೇ ಸಂಕೇತಗಳಾಗಿ ಬಳಸಿ ಈ ಮನೆಗಳೊಳಗೆ ಒಂದು ಇಡೀ ಕಂಪ್ಯೂಟರನ್ನು ಕಟ್ಟಬಹುದು. ಯಾವುದೇ ಕಂಪ್ಯೂಟರ್ ಪ್ರೋಗ್ರಾಂ ನಿಲ್ಲುತ್ತದೆಯೋ ಇಲ್ಲವೋ ಎಂದು ಮುಂಚಿತವಾಗಿ ಹೇಳುವ ಒಂದೇ ವಿಧಾನ ಇರಲಾರದೆಂದು ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿದ್ದರು. ಬೀಜ ಎಣಿಸಿದರೂ ಸುಳಿವು ಸಿಗುವುದಿಲ್ಲ. ಏಳು ಬೀಜಗಳ ಡೈಹಾರ್ಡ್ ಎಂಬ ಆಕಾರ 130 ತಲೆಮಾರಿಗೆ ಗುರುತೂ ಉಳಿಯದಂತೆ ಅಳಿಯುತ್ತದೆ. ಏಳೇ ಬೀಜಗಳ ಏಕಾರ್ನ್ ಎಂಬ ಇನ್ನೊಂದು 5206 ತಲೆಮಾರು ಕುದಿಯುತ್ತದೆ.

ಕಂಪ್ಯೂಟರ್ ಇದನ್ನೆಲ್ಲ ಕ್ಷಣದಲ್ಲಿ ತೋರಿಸುತ್ತದೆ, ನಿಜ. ಆದರೆ ಐದನೆಯ ಬೀಜ ಏನನ್ನು ಕಿತ್ತುಕೊಂಡಿತೆಂದು ನನಗೆ ತಿಳಿದದ್ದು ನೆಲದ ಮೇಲೆ ಕುಳಿತಾಗಲೇ. ಅದು ಸಮಮಿತಿಯನ್ನು ಕಿತ್ತುಕೊಂಡಿತು, ನನ್ನ ಕಾವಲನ್ನು. ಎರಡು ಬಾರಿ ಇಪ್ಪತ್ತನೆಯ ತಲೆಮಾರನ್ನು ದಾಟಿದೆ; ಎರಡು ಬಾರಿಯೂ ಬೇರೆ ಬೇರೆ ಚಿತ್ರ ಬಂತು, ಯಾವುದು ಸರಿಯೆಂದು ಹೇಳುವ ಸಾಕ್ಷಿ ಇಲ್ಲ.

ನೀನೂ ಅದೇ ಐದು ಬೀಜಗಳನ್ನು ಇಡು. ಹತ್ತು ತಲೆಮಾರಿಗೊಮ್ಮೆ ಎಣಿಕೆ ಬರೆದು ಕಳಿಸು, ನನ್ನದರೊಂದಿಗೆ ತಾಳೆ ನೋಡುತ್ತೇನೆ. 69ರವರೆಗೆ ಹೋಗೋಣ.

ನಿನ್ನ ಗೆಳೆಯ