ಆ ಮರಿಯನ್ನು ಒಂದು ಸಲ ನೋಡಿ ಬಾ, ಅಪ್ಪಾ

ಎಡಿನ್‌ಬರೋ

ಅಪ್ಪಾ,

ನಾನು ಆರಾಮಾಗಿದ್ದೇನೆ. ಇಲ್ಲಿ ಚಳಿ ಜೋರು, ನಾಲ್ಕು ಗಂಟೆಗೆಲ್ಲ ಕತ್ತಲು.

ಅವ್ವ ಫೋನಿನಲ್ಲಿ ಹೇಳಿದಳು. ನಮ್ಮ ನಾಯಿ ಕರಿಯ ಹೋದ ಮೇಲೂ ನೀನು ಅವನಿಗಂತ ಮುದ್ದೆಯ ಕೊನೆ ತುತ್ತನ್ನು ಸಾರಿಗೆ ಅದ್ದಿ ತಟ್ಟೆಯ ಅಂಚಿಗೇ ಇಡುತ್ತೀಯಂತೆ. ಅವಳು ಏನೂ ಅನ್ನದೆ ಅದನ್ನು ಕಲಗಚ್ಚಿಗೆ ಹಾಕುತ್ತಾಳಂತೆ. ಪಕ್ಕದ ಮನೆಯವರು ನಾಯಿಮರಿ ಕೊಡುತ್ತೇವೆ ಅಂದರೆ, "ಬೇಡ, ಇನ್ನೊಂದು ಸಲ ಗುಂಡಿ ತೋಡೋಕೆ ನನ್ನ ಕೈಲಾಗಲ್ಲ" ಅಂದೆಯಂತೆ. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ "ಊಟ ಆಯ್ತಾ" ಅಂತ ಮಾತು ತಿರುಗಿಸಿಬಿಡುತ್ತೀಯ.

ನಮ್ಮ ಕಟ್ಟಡದಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎಂಬತ್ತರ ಹತ್ತಿರ, ಒಂಟಿ. ಬೇಸಿಗೆಯಲ್ಲಿ ಅವರ ನಾಯಿ ಸತ್ತಿತು. ಎಷ್ಟೋ ದಿನ ಬಾಗಿಲೇ ತೆಗೆಯಲಿಲ್ಲ. ಇಂಥವರಿಗಂತಲೇ ಈ ದೇಶದಲ್ಲಿ ಬ್ಲೂ ಕ್ರಾಸ್ ಅನ್ನೋ ಸಂಸ್ಥೆ ಫೋನ್ ಇಟ್ಟಿದೆ, ಸಾಕಿದ ಪ್ರಾಣಿ ಕಳೆದುಕೊಂಡವರು ಮಾಡಿ ಅಳಬಹುದು. ನಮ್ಮೂರಲ್ಲಿ ಹೇಳಿದರೆ ನಗುತ್ತಾರೆ, ಅಲ್ವಾ?

ಈಗ ಅಜ್ಜಿ ಮತ್ತೆ ನಾಯಿ ತಂದಿದ್ದಾರೆ. ಮರಿಯಲ್ಲ, ಯಾರೋ ಬಿಟ್ಟುಹೋದ ಒಂಬತ್ತು ವರ್ಷದ ಲ್ಯಾಬ್ರಡಾರ್. ಮೂತಿ ಬೆಳ್ಳಗಾಗಿದೆ. ಮೆಟ್ಟಿಲಿಳಿಯುವಾಗ ಹಿಂಗಾಲು ನಡುಗುತ್ತವೆ. ಅಜ್ಜಿ ಹೊಟ್ಟೆಯಡಿಗೆ ಟವೆಲ್ ಹಾಕಿ ಎತ್ತಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸುತ್ತಾರೆ. ಲ್ಯಾಬ್ರಡಾರ್ ಬದುಕೋದೇ ಸುಮಾರು ಹತ್ತು-ಹನ್ನೆರಡು ವರ್ಷ. ಗೊತ್ತಿದ್ದೂ ಯಾಕೆ ಅಂತ ಕೇಳಿಯೇಬಿಟ್ಟೆ.

"ಮರಿ ತಂದರೆ ನಾನೇ ಮೊದಲು ಹೋಗುತ್ತೇನೆ. ಅದು ಬಾಗಿಲಲ್ಲಿ ಕಾಯುತ್ತಾ ಕೂರುತ್ತೆ. ನಾನು ಸತ್ತೆ ಅಂತ ಅದಕ್ಕೆ ಯಾರು ತಿಳಿಸಿ ಹೇಳುತ್ತಾರೆ?" ಅಂದರು.

ಈ ಊರಲ್ಲಿ ಬಾಬಿ ಅನ್ನೋ ಪುಟ್ಟ ನಾಯಿಯ ಪ್ರತಿಮೆ ಇದೆ, ಗ್ರೇಫ್ರೈಯರ್ಸ್ ಸ್ಮಶಾನದ ಹತ್ತಿರ. ಯಜಮಾನ 1858ರಲ್ಲಿ ಸತ್ತ. ಬಾಬಿ 1872ರಲ್ಲಿ ತಾನು ಸಾಯುವವರೆಗೂ ಅವನ ಗೋರಿ ಬಿಟ್ಟು ಹೋಗಲಿಲ್ಲವಂತೆ. ಎಷ್ಟು ನಿಜವೋ, ಇತಿಹಾಸಕಾರರು ಇನ್ನೂ ಜಗಳ ಆಡುತ್ತಾರೆ. ಪ್ರವಾಸಿಗರು ಸವರಿ ಸವರಿ ಅದರ ಮೂಗು ಹೊಳೆಯುತ್ತಿದೆ. ಎಲ್ಲರೂ ನಿಯತ್ತು ಅಂತ ಹೊಗಳುತ್ತಾರೆ. ನನಗೆ ಮಾತ್ರ ಆ ಹದಿನಾಲ್ಕು ವರ್ಷ ನೆನೆದರೆ ಹೊಟ್ಟೆ ಉರಿಯುತ್ತೆ. ನಮ್ಮ ಕರಿಯ ಯಾರಿಗೂ ಕಾಯಬೇಕಾಗಲಿಲ್ಲ. ನಿನ್ನ ತೊಡೆಯ ಮೇಲೆ ತಲೆಯಿಟ್ಟು ಹೋದ. ಇಬ್ಬರಲ್ಲಿ ಒಬ್ಬರು ಪಡಲೇಬೇಕಾದ ಸಂಕಟ ಅದು, ನಿನ್ನ ಪಾಲಿಗೆ ಬಂತು.

ನಾಯಿಗೋಸ್ಕರ ಅಳೋದಾ ಅಂತ ನಾಚಿಕೊಳ್ಳಬೇಡ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಕಲ್ಲನ್ನು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ ತೋರಿಸಿದವನು ನೀನೇ. 950ರ ಸುಮಾರಿನದು. ಯುದ್ಧದಲ್ಲಿ ಮೆರೆದ ಮಣಲೇರ ಅನ್ನೋ ವೀರನಿಗೆ ರಾಜ ಏನು ಬೇಕೋ ಕೇಳು ಅಂದರೆ, ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ನಾಯಿ ಕೇಳಿದ. ಅದು ಹಂದಿಬೇಟೆಯಲ್ಲಿ ಹಂದಿಯನ್ನೂ ಕೊಂದು ತಾನೂ ಸತ್ತಾಗ, ದೇವಸ್ಥಾನದ ಮುಂದೆ ಕಲ್ಲು ನೆಡಿಸಿ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ಅಂತಲೂ ಬರೆಸಿದ. ಅಷ್ಟು ದೊಡ್ಡ ಯುದ್ಧ ಮಾಡಿ ಬಂದ ಆಳು!

ಮರಿ ಇನ್ನೂ ಅಲ್ಲೇ ಇದ್ದರೆ ಹೋಗಿ ನೋಡಿ ಬಾ. ತರಲೇಬೇಕು ಅಂತಲ್ಲ. ತಂದರೆ, ಮೂರು ತಿಂಗಳಾದ ಕೂಡಲೇ ಮದ್ದೂರಿಗೆ ಕರೆದುಕೊಂಡು ಹೋಗಿ ರೇಬೀಸ್ ಇಂಜೆಕ್ಷನ್ ಹಾಕಿಸು. ದುಡ್ಡು ನಾನು ಕಳಿಸುತ್ತೇನೆ. ಹೆಸರು ಮಾತ್ರ ಅವ್ವ ಇಡಲಿ. ನಿನಗೆ ಬಿಟ್ಟರೆ ಬಿಳಿ ಮರಿಗೂ ಕರಿಯ ಅಂತಲೇ ಇಡುತ್ತೀಯ.

ನಿನ್ನ ಮಗಳು