ತೋಟದ ಮನೆಯ ನಕ್ಷೆ ನೋಡಿ ಅಪ್ಪಾಜಿಯವರಿಗೆ ಬರೆದ ಪತ್ರ

ಲೈಪ್‌ಜಿಗ್, ಜರ್ಮನಿ

ತೀರ್ಥರೂಪರಾದ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ಚಿತ್ರದುರ್ಗದಲ್ಲಿ ನೀವು ಮತ್ತು ಅಮ್ಮ, ದಾವಣಗೆರೆಯಲ್ಲಿ ತಮ್ಮನ ಸಂಸಾರ ಕ್ಷೇಮವೆಂದು ಭಾವಿಸಿದ್ದೇನೆ.

ಹಿರಿಯೂರಿನ ದಾಳಿಂಬೆ ತೋಟದಲ್ಲಿ ಶನಿವಾರ, ಭಾನುವಾರ ಬಂದು ಉಳಿಯಲು ಕಟ್ಟಿಸಬೇಕೆಂದಿರುವ ಮನೆಯ ನಕ್ಷೆಯನ್ನು ತಮ್ಮ ಕಳುಹಿಸಿದ್ದಾನೆ. ಹನ್ನೆರಡು ಚದರ (ಒಂದು ಚದರವೆಂದರೆ ನೂರು ಚದರ ಅಡಿ), ಮೇಲೊಂದು ಮಹಡಿ, ಪಡುವಣಕ್ಕೆ ಆಳೆತ್ತರದ ಗಾಜಿನ ಕಿಟಕಿಗಳು. ಮೇಸ್ತ್ರಿಯವರು ಶ್ರದ್ಧೆಯಿಂದಲೇ ಬರೆಸಿದ್ದಾರೆ. ಆದರೂ ಪಾಯ ತೆಗೆಯುವ ಮೊದಲು ನನ್ನ ಮಾತನ್ನು ನೀವು ಕೇಳಬೇಕೆಂದು ವಿನಂತಿಸುತ್ತೇನೆ. ಮನೆ ಐದು ಚದರವನ್ನು ಮೀರದಿರಲಿ, ಮತ್ತು ನಾವು ಯಾರೂ ಅಲ್ಲಿ ಇಲ್ಲದ ದಿನಗಳಲ್ಲಿಯೂ ಅದು ತೋಟದ ಕೆಲಸಕ್ಕೆ ಒದಗುವಂತಿರಲಿ.

ಈ ಊರಿನಲ್ಲಿ ಬಾಡಿಗೆ ಮನೆಗಳಲ್ಲಿರುವವರು ಊರಂಚಿನಲ್ಲಿ ಸಣ್ಣ ಸಣ್ಣ ತೋಟಗಳನ್ನು ಗೇಣಿಗೆ ಪಡೆದು ಸೇಬು, ಚೆರ್ರಿ, ಪ್ಲಮ್ ಬೆಳೆಯುವುದನ್ನು ನಿಮಗೆ ಹಿಂದೆಯೂ ತಿಳಿಸಿದ್ದೆ. 1864ರಲ್ಲಿ ಇಲ್ಲಿಯೇ ಆರಂಭವಾದ ಶ್ರೇಬರ್ ಸಂಘದಿಂದ ಬೆಳೆದುಬಂದ ಪದ್ಧತಿ ಅದು. ಅಂತಹ ತೋಟದಲ್ಲಿ ಕಟ್ಟುವ ಗುಡಿಸಲು ಮಾಡು ಹೊದಿಸಿದ ಜಗಲಿಯೂ ಸೇರಿ 24 ಚದರ ಮೀಟರನ್ನು ದಾಟಬಾರದು, ಕಾಯಂ ವಾಸಕ್ಕೆ ತಕ್ಕಂತೆ ಇರಲೂಬಾರದು ಎಂದು 1983ರ ಕಾನೂನು ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಅದು ಎರಡೂವರೆ ಚದರ. ನಮ್ಮ ಪಕ್ಕದ ಮನೆಯ ಹಿರಿಯ ದಂಪತಿಗಳ ಗುಡಿಸಲಿಗೆ ಹೋದಾಗಲೆಲ್ಲ ನಾನು ಅದನ್ನು ಗಮನಿಸಿ ನೋಡುತ್ತೇನೆ. ಗೋಡೆಯ ಮೊಳೆಗಳಲ್ಲಿ ಕತ್ತರಿ, ಗುದ್ದಲಿ, ಕುಕ್ಕೆಗಳು ತೂಗುತ್ತವೆ, ಸೂರಿನ ಕೊಳವೆಯ ಕೆಳಗೆ ಮುಚ್ಚಳವಿರುವ ಪೀಪಾಯಿ ಮಳೆನೀರು ಹಿಡಿಯುತ್ತದೆ, ಅದರ ಬುಡದ ನಲ್ಲಿಯಿಂದ ಸಸಿಗಳಿಗೆ ನೀರು ಹೋಗುತ್ತದೆ. ಒಳಗೆ ಒಂದು ಮಂಚ, ಒಂದು ಮೇಜು, ಅಷ್ಟೆ. ಉಳಿದ ಹೊತ್ತನ್ನೆಲ್ಲ ಅವರು ಮರಗಳ ನಡುವೆ ಕಳೆಯುತ್ತಾರೆ. ಮನೆ ದೊಡ್ಡದಾದರೆ ವಾರದ ಎರಡು ದಿನವೂ ಅದನ್ನು ಗುಡಿಸಿ ಒರೆಸುವುದರಲ್ಲೇ ಅಮ್ಮನಿಗೆ ಕಳೆದುಹೋಗುತ್ತದೆ ಎಂಬುದು ನನ್ನ ನಿಜವಾದ ಆತಂಕ.

ಜಾಗದ ವಿಚಾರವೇ ಎಲ್ಲಕ್ಕಿಂತ ಮುಖ್ಯ. ನಕ್ಷೆಯಲ್ಲಿ ಮನೆಯನ್ನು ತೋಟದ ಮೂಡಣ ಅಂಚಿನಲ್ಲಿ, ಎರೆಯ ಪಟ್ಟಿಯ ಮೇಲೆ ತೋರಿಸಿದ್ದಾರೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದರ ಮೇಲಿನ ಗೋಡೆ ಸೀಳದೆ ನಿಲ್ಲಬೇಕಾದರೆ ಪಾಯಕ್ಕೇ ಅರ್ಧ ಹಣ ಸುರಿಯಬೇಕಾದೀತು. ಅದೂ ಅಲ್ಲದೆ, ಮುಂಗಾರಿನಲ್ಲಿ, ಅದರಲ್ಲೂ ಆಷಾಢದಲ್ಲಿ, ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಜಿಲ್ಲೆಯ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ನಿಂತಿರುವುದು ಆ ಗಾಳಿಯನ್ನು ನಂಬಿಯೇ. ದಾಳಿಂಬೆಗೆ ಹೊಡೆಯುವ ಔಷಧಿಯ ತುಂತುರು ಗಾಳಿಯ ಜೊತೆ ನೇರವಾಗಿ ಮೂಡಣದ ಮನೆಯೊಳಕ್ಕೆ ಬರುತ್ತದೆ, ಮೊಮ್ಮಕ್ಕಳು ಆಡುವುದೂ ಅಲ್ಲಿಯೇ. ಆದ್ದರಿಂದ ಪಡುವಣ ಬದುವಿನ ಮೇಲಿರುವ ಕೆಂಪು ಮಣ್ಣಿನ ಮರಡಿಯನ್ನು ಆರಿಸಿಕೊಳ್ಳಿ. ಅಲ್ಲಿ ಗಟ್ಟಿ ನೆಲ ಬೇಗ ಸಿಗುತ್ತದೆ, ಸೈಜುಗಲ್ಲಿನ ಸಾಧಾರಣ ಪಾಯ ಸಾಕಾಗುತ್ತದೆ, ಬದುವಿನ ಬೇವು, ಹೊಂಗೆ ಮರಗಳು ಗಾಳಿಯನ್ನೂ ತಡೆಯುತ್ತವೆ.

ಮರಡಿಯ ಜಾಗಕ್ಕೆ ಇನ್ನೊಂದು ಅನುಕೂಲವಿದೆ. ರಸ್ತೆ ಆ ಕಡೆಗೇ ಇರುವುದರಿಂದ ಬಂದವರು ಗಿಡಗಳ ಸಾಲಿನೊಳಗೆ ಹಾಯ್ದು ಹೋಗಬೇಕಾಗಿಲ್ಲ. ದುಂಡಾಣು ಅಂಗಮಾರಿ ಬಂದ ವರ್ಷ ನೀವು ಪಟ್ಟ ಸಂಕಟವನ್ನು ನಾನು ಮರೆತಿಲ್ಲ. ಎಣ್ಣೆ ಹಚ್ಚಿದಂತಹ ಕಪ್ಪು ಚುಕ್ಕೆಗಳು ಮೂಡಿ, ಕಾಯಿ ಅಲ್ಲಿಂದಲೇ ಸೀಳಿ, ಒಳಗಿನ ಕೆಂಪು ಕಾಳು ಕಾಣುತ್ತಿದ್ದ ಹಣ್ಣುಗಳನ್ನು ನೀವೇ ಆರಿಸಿ ಸುಡಿಸಿದಿರಿ. ಆ ರೋಗ ಮಳೆ ಹನಿಯ ಸಿಡಿತದಿಂದ, ಸೋಂಕು ತಗುಲಿದ ಕತ್ತರಿಯಿಂದ ಗಿಡದಿಂದ ಗಿಡಕ್ಕೆ ಹಬ್ಬುತ್ತದೆ. ಹೊಸ ಮನೆಯ ಹಿಂಬದಿಗೆ ಒಂದು ಚದರದ ಕೋಣೆಯನ್ನು ಕತ್ತರಿ, ಸ್ಪ್ರೇಯರ್, ಹನಿ ನೀರಾವರಿಯ ಫಿಲ್ಟರ್‌ಗಳಿಗಾಗಿಯೇ ಬಿಟ್ಟು, ಅದರ ಹೊರಗೆ ಕೈಕಾಲು ಮತ್ತು ಹತ್ಯಾರ ತೊಳೆಯಲು ಒಂದು ಕಲ್ಲಿನ ಕಟ್ಟೆ ಕಟ್ಟಿಸಿದರೆ ಚಾಟ್ನಿಯ, ಅಂದರೆ ಗಿಡದ ರೆಂಬೆ ಸವರುವ, ಕಾಲದಲ್ಲಿ ಎಷ್ಟು ಉಪಯೋಗವಾಗುತ್ತದೆಂದು ಯೋಚಿಸಿ. ಔಷಧಿಗಳನ್ನು ಮಾತ್ರ ಮನೆಯಲ್ಲಿ ಇಡಬೇಡಿ. ಅವು ಈಗಿರುವಂತೆ ಮೋಟರ್ ಮನೆಯಲ್ಲೇ ಬೀಗದೊಳಗೆ ಇರಲಿ.

ಪಡುವಣದ ಗಾಜನ್ನು ದಯವಿಟ್ಟು ಕೈಬಿಡಿ. ನಮ್ಮ ಊರು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಮಧ್ಯಾಹ್ನದ ಸೂರ್ಯ ನೆತ್ತಿಯ ಹತ್ತಿರವೇ ಇರುವುದರಿಂದ ತೆಂಕಣ, ಬಡಗಣ ಗೋಡೆಗಳಿಗೆ ಎರಡೂವರೆ ಅಡಿಯ ಸಜ್ಜಾ ಸಾಕು, ಆದರೆ ಸಂಜೆಯ ಇಳಿಬಿಸಿಲನ್ನು ಯಾವ ಸಜ್ಜಾವೂ ತಡೆಯುವುದಿಲ್ಲ. ಮನೆ ಪೂರ್ವ-ಪಶ್ಚಿಮವಾಗಿ ಉದ್ದವಿರಲಿ, ಪಡುವಣ ಗೋಡೆಗೆ ಬಚ್ಚಲು ಮತ್ತು ಹತ್ಯಾರದ ಕೋಣೆ ಬರಲಿ, ಬಡಗಣಕ್ಕೆ ಉದ್ದಕ್ಕೂ ಜಗಲಿಯಿರಲಿ. ಜಗಲಿಯಲ್ಲಿ ಹಣ್ಣು ವಿಂಗಡಿಸುವ ಕೆಲಸವೂ ಆಗುತ್ತದೆ, ರಾತ್ರಿ ಮಲಗಲೂ ಆಗುತ್ತದೆ. ಅಜ್ಜನ ಮೇಲ್ಮುದ್ದೆಯ, ಅಂದರೆ ಮಣ್ಣಿನ ಛಾವಣಿಯ, ಮಾಳಿಗೆ ಮನೆ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ತಂಪಾಗಿರುತ್ತಿದ್ದುದು ದಪ್ಪನೆಯ ಮಣ್ಣು ಕಾಯಲು ಹಲವು ಗಂಟೆ ಬೇಕಾಗುತ್ತಿದ್ದುದರಿಂದ. ಈಗ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವವರು ಸಿಗುವುದಿಲ್ಲವಾದ್ದರಿಂದ ಅದನ್ನೇ ಮಾಡಿ ಎನ್ನಲಾರೆ. ಆದರೆ ಮರಡಿಯ ಕೆಂಪು ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದ ಇಟ್ಟಿಗೆಗಳಿಂದ ಗೋಡೆ ಎಬ್ಬಿಸಬಹುದು. ಸುಡುವ ಸೌದೆ ಉಳಿಯುತ್ತದೆ, ಗೋಡೆಯ ಮೇಲೆ ಗಾರೆ ಬಳಿಯುವುದೂ ಬೇಕಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಬಗ್ಗೆ 1970ರ ದಶಕದಿಂದಲೂ ಕೆಲಸ ನಡೆದಿದೆ. ಜಿಗುಟು ಹೆಚ್ಚಾದರೆ ಮರಳು ಬೆರೆಸಬೇಕು, ಆದ್ದರಿಂದ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಿ. ಛಾವಣಿಯ ಕಾಂಕ್ರೀಟಿನ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನು ಕೂರಿಸಿ, ಮೇಲೆ ಬಿಳಿ ಸುಣ್ಣ ಬಳಿಸಿದರೆ ಸಿಮೆಂಟೂ ಕಡಿಮೆ, ಕಾವೂ ಕಡಿಮೆ. ಬರಿಯ ಹೆಂಚಿನ ಮಾಡು ಮಾತ್ರ ಆಷಾಢದ ಗಾಳಿಗೆ ನಿಲ್ಲುವುದು ಕಷ್ಟ.

ನೀರಿನ ಬಗ್ಗೆ ಅಮ್ಮನಿಗೂ ಓದಿ ಹೇಳಿ. 2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದ ಮೇಲೆ ಬೋರ್‌ಗಳಲ್ಲಿ ನೀರಿದೆ ಎಂದು ಎಲ್ಲರೂ ನಿಶ್ಚಿಂತೆಯಿಂದಿದ್ದಾರೆ. ಆದರೆ ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಜಾಗಗಳು ಬಹಳ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳು ಕೆಡುತ್ತವೆ. ತೋಟ ನೋಡಿಕೊಳ್ಳುವವರ ಮಕ್ಕಳು ದಿನವೂ ಕುಡಿಯುವುದು ಅದೇ ಬೋರ್ ನೀರನ್ನು. ಐದು ಚದರದ ಛಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೂ 23,000 ಲೀಟರ್ ಆಗುತ್ತದೆ, ಐದನೇ ಒಂದು ಭಾಗ ಪೋಲಾಯಿತೆಂದರೂ 18,000 ಲೀಟರ್ ಕೈಗೆ ಸಿಗುತ್ತದೆ. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಎಂದರೆ ವರ್ಷಕ್ಕೆ 7,300 ಲೀಟರ್ ಮಾತ್ರ. ಜಗಲಿಯ ಕೆಳಗೆ 10,000 ಲೀಟರಿನ ತೊಟ್ಟಿ ಕಟ್ಟಿಸಿ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ಪೈಪು ಇಡಿಸಿ, ಬೆಳಕು ಬೀಳದಂತೆ ಮುಚ್ಚಿಸಿ. ಮಹಡಿಗೆಂದು ಎತ್ತಿಟ್ಟ ಹಣದಲ್ಲಿ ಮೊದಲು ಇದಾಗಬೇಕು. ಶೌಚಕ್ಕೆ ಜೋಡಿ ಗುಂಡಿ ಸಾಕು, ಅದು ಬೋರ್‌ನಿಂದ ಆದಷ್ಟು ದೂರ, ಇಳಿಜಾರಿನ ಕಡೆಗಿರಲಿ.

ಕಾಗದಪತ್ರದ ತೊಡಕು ಹೆಚ್ಚಿಲ್ಲ. 1964ರಿಂದ ಜಾರಿಯಲ್ಲಿರುವ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಕಲಮಿನ ಪ್ರಕಾರ ರೈತ ತನ್ನ ವಾಸಕ್ಕೆ, ಉಪಕರಣ ಇಡಲು, ದನ ಕಟ್ಟಲು ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಬಹುದು, ಅದು ಹಿಡುವಳಿಯ ನೂರಕ್ಕೆ ಹತ್ತು ಭಾಗ ಮೀರಬಾರದು. ತಮ್ಮನ ಸ್ನೇಹಿತರು ಹೇಳಿದಂತೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದಾದರೆ ಅದು ಕೃಷಿಯ ಬಳಕೆಯಾಗಿ ಉಳಿಯುವುದಿಲ್ಲ. ಆ ಯೋಚನೆ ಬೇಡವೆಂಬುದು ನನ್ನ ಅಭಿಪ್ರಾಯ. ಪಂಚಾಯಿತಿಯಲ್ಲಿ ಮತ್ತು ತಾಲ್ಲೂಕು ಕಚೇರಿಯಲ್ಲಿ ಒಮ್ಮೆ ವಿಚಾರಿಸಿಯೇ ಮುಂದುವರಿಯಿರಿ.

ಮೇಸ್ತ್ರಿಯವರು ಬೇಸರಪಟ್ಟುಕೊಳ್ಳದಂತೆ ನೀವೇ ಮಾತನಾಡಬೇಕು. ಈ ಪತ್ರದ ಜೊತೆ ನಾನು ಬರೆದ ಮೂರಂಕಣದ ನಕ್ಷೆಯನ್ನು ಇಟ್ಟಿದ್ದೇನೆ. ಮರಡಿಯ ಮೇಲೆ ಅದರ ಅಳತೆಗೆ ಸುಣ್ಣದ ಗೆರೆ ಎಳೆಸಿ, ಅಮ್ಮನನ್ನು ಕರೆದುಕೊಂಡು ಹೋಗಿ ಅಡುಗೆಮನೆಯ ಬಾಗಿಲು ಎಲ್ಲಿರಬೇಕೆಂದು ಕೇಳಿ. ಅವರು ತೋರಿಸಿದ ಜಾಗವನ್ನು ಗುರುತು ಹಾಕಿ ನನಗೆ ತಿಳಿಸಿದರೆ ನಕ್ಷೆಯನ್ನು ಹಾಗೆಯೇ ತಿದ್ದಿ ಕಳುಹಿಸುತ್ತೇನೆ, ನನ್ನ ಪಾಲಿನ ಹಣವನ್ನೂ ಕಳುಹಿಸುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರಗಳು, ತಮ್ಮನಿಗೂ ಮಕ್ಕಳಿಗೂ ಆಶೀರ್ವಾದಗಳು.

ಇಂತಿ ನಿಮ್ಮ ಮಗಳು