ಮಗಳಿಗೊಂದು ಪತ್ರ: ಗೀಟು ಬಿದ್ದ ಹಾಳೆಗಳ ಬಗ್ಗೆ

ಪುಟ್ಟಿ,

ನಿನ್ನೆ "ಇನ್ನು ಬರೆಯಲ್ಲ ಅಪ್ಪ" ಅಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಅಮ್ಮ ಎಲ್ಲ ಹೇಳಿದಳು. ಗೆಳತಿ ನಿನ್ನ ಕವಿತೆಗಳನ್ನು ಓದಿ ಅರ್ಧಕ್ಕರ್ಧ ಹೊಡೆದು ಹಾಕಿದ್ದಾಳಂತೆ, ನೀನು ಮಾತು ಬಿಟ್ಟಿದ್ದೀಯಂತೆ. ನನಗೂ ಸಿಟ್ಟು ಬಂತು ಕಣೇ, ನನ್ನ ಮಗಳ ಸಾಲಿಗೆ ಗೀಟು ಹಾಕೋಕೆ ಇವಳ್ಯಾರು ಅಂತ.

ನಿದ್ದೆ ಬರಲಿಲ್ಲ. ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟ್‌ನ 'ದಿ ವೇಸ್ಟ್ ಲ್ಯಾಂಡ್' ಅನ್ನೋ ದೀರ್ಘ ಪದ್ಯದ ಹಸ್ತಪ್ರತಿಯ ಪುಸ್ತಕ ತೆಗೆದೆ, 1971ರಲ್ಲಿ ಅವನ ಹೆಂಡತಿ ವ್ಯಾಲರಿ ಹೊರತಂದದ್ದು. ಬ್ಯಾಂಕ್ ಕೆಲಸಕ್ಕೆ ರಜೆ ಹಾಕಿ ಬರೆದ ಆ ಪದ್ಯವನ್ನು ಅವನು 1922ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಕವಿಗೆಳೆಯ ಎಜ್ರಾ ಪೌಂಡ್ ಕೈಗಿಟ್ಟ. ಪೌಂಡ್ ದಾಕ್ಷಿಣ್ಯವೇ ಇಲ್ಲದೆ ಓದಿದ್ದಾನೆ. ಎಲಿಯಟ್ ಅನುಮಾನಿಸುತ್ತಾ 'ಬಹುಶಃ' ಅಂದ ಕಡೆ, 'ಹಾಳಾಗಿ ಹೋಗಲಿ ನಿನ್ನ ಬಹುಶಃ' ಅನ್ನೋ ಧಾಟಿಯಲ್ಲಿ ಅಂಚಿನಲ್ಲೇ ಬೈದಿದ್ದಾನೆ. ಪದ್ಯದಲ್ಲಿದ್ದ ಹಡಗು ಒಡೆಯುವ ಉದ್ದನೆಯ ಕಥೆ ಪೂರಾ ಹೋಯ್ತು. ಉಳಿದದ್ದು ಫ್ಲೀಬಸ್ ಅನ್ನೋ ನಾವಿಕನ ಹತ್ತು ಸಾಲು.

ಆಗ ಎಲಿಯಟ್ ಕಾಗದ ಬರೆದು ಕೇಳ್ತಾನೆ, ಹಾಗಾದ್ರೆ ಫ್ಲೀಬಸ್‌ನನ್ನೂ ತೆಗೆದುಬಿಡಲಾ ಅಂತ. ನಾನು ರಾತ್ರಿಯೆಲ್ಲ ಅಲ್ಲೇ ಸಿಕ್ಕಿಕೊಂಡೆ. ಅಷ್ಟು ದೊಡ್ಡ ಕವಿ, ಮನಸ್ಸು ಮುದುಡಿ, ಉಳಿದ ಹತ್ತು ಸಾಲನ್ನೂ ಎಸೆಯೋಕೆ ಹೊರಟಿದ್ದಾನೆ. ಬೇಡ, ಅವನು ಅಲ್ಲಿ ಇರಲೇಬೇಕು ಅಂತ ಪೌಂಡ್ ಹಟ ಹಿಡಿದ. ಹೊಡೆದು ಹಾಕಿದವನೇ ಉಳಿಸಿಕೊಟ್ಟ. ಆ ಉತ್ತರ ಬರದೇ ಹೋಗಿದ್ರೆ? ನೀನೂ ಸಿಟ್ಟಲ್ಲಿ ಪೂರಾ ಕಟ್ಟನ್ನೇ ಹರಿದು ಹಾಕಿದ್ರೆ? ನನಗಿರೋ ಭಯ ಅದೊಂದೇ. ಗೀಟಿನದ್ದಲ್ಲ.

ನಿನ್ನ ಗೆಳತಿ ಹೇಳಿದ್ದೆಲ್ಲ ಕೇಳಬೇಕು ಅಂತಲ್ಲ. ಆ ಪದ್ಯದಲ್ಲಿ ಗಂಡ ಹೆಂಡತಿ ಮಾತಾಡೋ ಸಾಲುಗಳ ಪಕ್ಕ ಪೌಂಡ್ 'ಫೋಟೋಗ್ರಫಿ' ಅಂತ ಮೂಗು ಮುರಿದಿದ್ದಾನೆ, ಎಲಿಯಟ್‌ನ ಆಗಿನ ಹೆಂಡತಿ ವಿವಿಯನ್ ಅಲ್ಲೇ 'ಅದ್ಭುತ' ಅಂತ ಬರೆದಿದ್ದಾಳೆ. ಎಲಿಯಟ್ ಅವನ್ನು ಉಳಿಸಿಕೊಂಡ. ಆಯ್ಕೆ ನಿನ್ನದು. ಆದ್ರೆ ಪೆನ್ನು ಹಿಡಿದು ಪ್ರತಿ ಸಾಲಿನ ಜೊತೆ ಜಗಳ ಆಡುವಷ್ಟು ಪುರುಸೊತ್ತು ಯಾರಿಗಿದೆ ಹೇಳು? ಚೆನ್ನಾಗಿದೆ ಅಂತ ಸುಮ್ನೆ ಹೊಗಳೋರು ಬೇಕಾದಷ್ಟು ಜನ ಸಿಗ್ತಾರೆ, ನಾನೂ ಅವರಲ್ಲೊಬ್ಬ, ಮತ್ತೆ ನೀನು... ಸರಿ, ಪಾಠ ಜಾಸ್ತಿ ಆಯ್ತು. ಬೇಜಾರು ಮಾಡ್ಕೋಬೇಡ.

ಪೌಂಡ್ ಕೊನೆಯ ಭಾಗಕ್ಕೆ ಬಂದಾಗ, ಇಲ್ಲಿಂದ ಮುಂದೆ ಸರಿಯಿದೆ ಅನ್ಸುತ್ತೆ ಅಂತ ಬರೆದು ಹೆಚ್ಚುಕಮ್ಮಿ ಹಾಗೇ ಬಿಟ್ಟಿದ್ದಾನೆ. ನಿನ್ನ ಕಟ್ಟಿನಲ್ಲೂ ಅವಳು ಒಂದು ಕವಿತೆ ಮುಟ್ಟಿಲ್ಲವಂತೆ, ಅಮ್ಮ ಹೇಳಿದಳು. ಅದನ್ನು ನನಗೆ ಯಾಕೆ ಹೇಳಲಿಲ್ಲ? ಇವತ್ತೇ ಕಳಿಸು.

ಅಪ್ಪ